ಕೊಡೆ ಕಂಡರೆ ನಿಲ್ಲುವ ಬಸ್ಸು

ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಸುಮ್ಮನೆ ನಿಂತರೆ ಸಾಕು, ನಗುವುದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ನಾನು ಎರಡು ವರ್ಷದಿಂದ ನಿಲ್ಲುತ್ತಿದ್ದೇನೆ. ಹೆಚ್ಚು ನಗುವ ಸ್ವಭಾವ ನನ್ನದಲ್ಲ. ಆದರೂ ಕೆಲವು ಸಂಗತಿಗಳು ಮನೆಗೆ ಬಂದು ಚಪ್ಪಲಿ ಬಿಡುವಾಗ ನೆನಪಾಗಿ, ಒಬ್ಬನೇ ಬಾಗಿಲಲ್ಲಿ ನಿಂತು ನಕ್ಕದ್ದುಂಟು.

ನಾನು ಗಣಿತದ ಮಾಸ್ಟ್ರು. ಕಾಪುವಿನಿಂದ ಇನ್ನಂಜೆಯ ಕಡೆಗೆ ಒಳಗೆ ಬಂದರೆ ನಮ್ಮ ಶಾಲೆ. ಒಂದೇ ಆವರಣದಲ್ಲಿ ಒಂದನೇ ತರಗತಿಯಿಂದ ಹತ್ತರವರೆಗೆ ಉಂಟು. ಗೇಟಿನ ಎದುರೇ ಜಂಕ್ಷನ್. ಒಂದು ರಸ್ತೆ ಕಾಪುವಿನಿಂದ ಬರುವುದು, ಒಂದು ಇನ್ನಂಜೆಗೆ ಹೋಗುವುದು, ಒಂದು ಶಿರ್ವದ ಕಡೆಯದು. ನಾಲ್ಕನೆಯದು ಗದ್ದೆಯ ಬದಿಯಲ್ಲಿ ಬಹಳ ಗಂಭೀರವಾಗಿ ಹೊರಟು, ಇನ್ನೂರು ಮೀಟರ್ ಹೋಗಿ, ಒಬ್ಬರ ಮನೆಯ ಅಂಗಳದಲ್ಲಿ ಮುಗಿಯುತ್ತದೆ.

ನನ್ನ ಹೆಂಡತಿ ಅದೇ ಶಾಲೆಯಲ್ಲಿ ಒಂದನೇ ತರಗತಿಯ ಟೀಚರಾಗಿದ್ದಳು. ಬೆಳಿಗ್ಗೆ ಮತ್ತು ಸಂಜೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಅವಳದು. ಯಾರೂ ವಹಿಸಿದ್ದಲ್ಲ, ಅವಳೇ ತೆಗೆದುಕೊಂಡದ್ದು. ಹಳದಿ ಬಣ್ಣದ, ಅಂಚಿನಲ್ಲಿ ಕೆಂಪು ಹೂವಿನ ಒಂದು ದೊಡ್ಡ ಕೊಡೆ ಅವಳ ಹತ್ತಿರ ಇತ್ತು. ಬಿಸಿಲಿರಲಿ ಮಳೆಯಿರಲಿ, ಅದನ್ನು ಬಿಚ್ಚಿ ರಸ್ತೆಗೆ ಇಳಿದಳೆಂದರೆ ನಾಲ್ಕೂ ಕಡೆಯ ವಾಹನಗಳು ನಿಲ್ಲುತ್ತಿದ್ದವು. ಎರಡು ವರ್ಷದ ಹಿಂದೆ, ಶಾಲೆ ಶುರುವಾಗುವುದಕ್ಕೆ ಹನ್ನೆರಡು ದಿನ ಇರುವಾಗ, ಕಾಯಿಲೆಯಿಂದ ತೀರಿಕೊಂಡಳು. ಶಾಲೆ ಹೇಳಿದ ದಿನವೇ ಶುರುವಾಯಿತು. ಮಕ್ಕಳನ್ನು ದಾಟಿಸಲು ಯಾರಾದರೂ ಬೇಕಿತ್ತು. ನಾನು ಹೋಗಿ ನಿಂತೆ.

ಕೈ ಎತ್ತಿದರೆ

ಮೊದಲ ದಿನ ಕೊಡೆ ತೆಗೆದುಕೊಂಡು ಹೋಗಿರಲಿಲ್ಲ. ಅದು ಅವಳದು, ಬಾಗಿಲ ಹಿಂದೆ ಮೊಳೆಗೆ ತೂಗುತ್ತಿತ್ತು, ಅಲ್ಲೇ ಇರಲಿ ಎಂದುಕೊಂಡಿದ್ದೆ. ಕೈ ಎತ್ತಿದರೆ ವಾಹನ ನಿಲ್ಲುತ್ತದೆ ಎಂಬುದು ನನ್ನ ಅಂದಾಜು.

ಕೈ ಎತ್ತಿದೆ. ಒಂದು ರಿಕ್ಷಾ ನಿಂತಿತು. ಎಲ್ಲಿಗೆ ಸಾರ್ ಎಂದು ಕೇಳಿದ. ಎಲ್ಲಿಗೂ ಇಲ್ಲ ಎಂದೆ. ಅವನು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಪಾಪ ಎಂದುಕೊಂಡವನ ಹಾಗೆ ಹೋದ.

ಮತ್ತೆ ಕೈ ಎತ್ತಿದೆ. ಬಸ್ಸು ಬಂತು. ನಿಂತಿತು, ಆದರೆ ಮಕ್ಕಳು ದಾಟುವ ಜಾಗ ಕಳೆದು ಮೂವತ್ತು ಅಡಿ ಮುಂದೆ. ಕಂಡಕ್ಟರ್ ಇಳಿದು ಓಡಿ ಬಂದು, ಬೇಗ ಹತ್ತಿ ಸಾರ್, ಟೈಮಿಲ್ಲ ಎಂದು ನನ್ನ ರಟ್ಟೆ ಹಿಡಿದ. ನನ್ನ ಸ್ವರ ತರಗತಿಯಲ್ಲಿಯೇ ಮೂರನೇ ಬೆಂಚಿಗೆ ಮುಗಿಯುತ್ತದೆ. ಬಸ್ಸಿನ ಇಂಜಿನ್ ಶಬ್ದದಲ್ಲಿ ನಾನು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಒಳಗೆ ಹತ್ತಿದ ಮೇಲೆ ನಾನು ಬರುವವನಲ್ಲ ಎಂದು ಹೇಳಲು ಸಂಕೋಚವಾಯಿತು. ಟಿಕೆಟ್ ತೆಗೆದು, ಮುಂದಿನ ಸ್ಟಾಪಿನಲ್ಲಿ ಇಳಿದು, ನಡೆದು ಬಂದೆ. ಅಷ್ಟರಲ್ಲಿ ನಮ್ಮ ಹೆಡ್ ಟೀಚರ್ ಮತ್ತು ಪ್ಯೂನ್ ಸೇರಿ ಮಕ್ಕಳನ್ನು ದಾಟಿಸಿದ್ದರು.

ಸಂಜೆ ಇನ್ನೊಂದು ಬಸ್ಸಿನಲ್ಲಿ ವಿರುದ್ಧ ದಿಕ್ಕಿಗೆ ಹೋಗಿ ಬಂದೆ.

ಮರುದಿನ ಬೆಳಿಗ್ಗೆ ಮೊಳೆಯಿಂದ ಕೊಡೆ ತೆಗೆದೆ. ಜಂಕ್ಷನಿನಲ್ಲಿ ಬಿಚ್ಚಿದ್ದೇ ತಡ, ನಾಲ್ಕೂ ಕಡೆಯಿಂದ ಎಲ್ಲ ನಿಂತಿತು. ಕೆಳಗೆ ಯಾರಿದ್ದಾರೆ ಎಂದು ಒಬ್ಬನೂ ನೋಡಲಿಲ್ಲ.

ಹದಿನಾಲ್ಕು, ಆರು

ಕೊಡೆಯನ್ನು ನಂಬಿ ಎಷ್ಟು ದಿನ? ಅದರ ಎರಡು ಕಡ್ಡಿ ಮುರಿದಿತ್ತು. ನನಗೂ ನಿವೃತ್ತಿಗೆ ಹೆಚ್ಚು ಸಮಯ ಇರಲಿಲ್ಲ. ಆ ಮೇಲೆ ಮಕ್ಕಳನ್ನು ದಾಟಿಸುವವರು ಯಾರು? ಜಂಕ್ಷನನ್ನೇ ಸರಿ ಮಾಡಿಸಬೇಕು ಎಂದು ತೀರ್ಮಾನಿಸಿದೆ.

ಸ್ಟಾಪ್‌ವಾಚ್ ಹಿಡಿದು ಅಳೆದೆ. ಒಂದನೇ ತರಗತಿಯ ಮಗು ಚೀಲ ಹೊತ್ತು ರಸ್ತೆ ದಾಟಲು ಹದಿನಾಲ್ಕು ಸೆಕೆಂಡು ಬೇಕು. ಶಿರ್ವದ ಕಡೆಯ ತಿರುವಿನಲ್ಲಿ ಬಸ್ಸಿನ ಮೂತಿ ಕಂಡ ಮೇಲೆ ಅದು ಗೇಟಿನ ಎದುರು ಬರಲು ಆರು ಸೆಕೆಂಡು. ನಡುವೆ ನಿಂತು ಸುಧಾರಿಸಿಕೊಳ್ಳಲು ಒಂದು ಕಟ್ಟೆ ಕಟ್ಟಿದರೆ ಹದಿನಾಲ್ಕು ಏಳಾಗುತ್ತದೆ. ಏಳು ಕೂಡ ಆರಕ್ಕಿಂತ ದೊಡ್ಡದೇ. ಹಾಗಾಗಿ ಕಟ್ಟೆಯೊಂದೇ ಸಾಲದು. ಬಸ್ಸು ತಾನಾಗಿ ನಿಧಾನವಾಗುವಂತೆ ಜೀಬ್ರಾ ಪಟ್ಟಿಯನ್ನು ರಸ್ತೆಯಿಂದ ಸ್ವಲ್ಪ ಎತ್ತರಿಸಿಯೂ ಕಟ್ಟಬೇಕು. ಕಂಪಾಸು, ಸ್ಕೇಲು ಹಿಡಿದು ನಕ್ಷೆ ಬರೆದೆ. ಅರ್ಜಿಯಲ್ಲಿ ಮೊದಲ ವಾಕ್ಯ ಹೀಗಿತ್ತು: "ಹದಿನಾಲ್ಕು ಆರಕ್ಕಿಂತ ದೊಡ್ಡದು."

ಉಡುಪಿಗೆ ಹೋಗಿ, ಕಡಿಯಾಳಿಯಲ್ಲಿ ಬಸ್ಸಿಳಿದು, ನಡೆದು ರಸ್ತೆಗೆ ಸಂಬಂಧಪಟ್ಟ ಕಚೇರಿಗೆ ತಲುಪಿದೆ. ಗುಮಾಸ್ತರು ಅರ್ಜಿ ತೆರೆದು ಮೊದಲ ವಾಕ್ಯ ಓದಿದರು. ಇನ್ನೊಂದು ಸಲ ಓದಿದರು. ನಕ್ಷೆಯಲ್ಲಿ ವೃತ್ತ, ಕೋನ ಎಲ್ಲ ನೋಡಿದರು. ಆಮೇಲೆ ಅರ್ಜಿಯನ್ನು ಮರ್ಯಾದೆಯಿಂದ ಮಡಚಿ ನನ್ನ ಕೈಗೇ ಕೊಟ್ಟು ಹೇಳಿದರು:

"ಇದು ಇಲ್ಲಿ ಅಲ್ಲ ಮಾಸ್ಟ್ರೇ, ಶಿಕ್ಷಣ ಇಲಾಖೆಗೆ ಹೋಗಬೇಕಾದದ್ದು."

ಒತ್ತಿ ಓಡುವವರು

ಪುಣ್ಯಕ್ಕೆ ಆ ಕಚೇರಿಯ ಇಂಜಿನಿಯರ್ ಬಾಗಿಲಲ್ಲಿ ಸಿಕ್ಕಿದರು. ಚಿಕ್ಕ ಪ್ರಾಯದ ಹುಡುಗಿ. ನಿಂತಲ್ಲೇ ಅರ್ಜಿ ಓದಿ, ಇದರಲ್ಲಿ ತಪ್ಪಿಲ್ಲವಲ್ಲ ಎಂದರು. ನನಗೆ ಸಮಾಧಾನವಾಯಿತು. ಆದರೆ ಮೇಲಿನವರಿಗೆ ಒಪ್ಪಿಸಬೇಕಾದರೆ ಬೇರೆ ಕಡೆ ಎಂತ ಮಾಡಿದ್ದಾರೆ ಎಂದು ತಿಳಿದಿರಬೇಕಂತೆ. ಮಣಿಪಾಲದಲ್ಲಿ ಬಟನ್ ಒತ್ತುವ ಸಿಗ್ನಲ್ ಉಂಟು, ಕಾರ್ಕಳದ ಕಡೆ ತಿರುವಿಗೆ ಕನ್ನಡಿ ಹಾಕಿದ್ದುಂಟು, ನೋಡಿ ಬನ್ನಿ, ಯಾವುದು ಇಷ್ಟವಾಯಿತು ಹೇಳಿ ಎಂದರು. ಸೀರೆ ಅಂಗಡಿಯಲ್ಲಿ ಕೇಳುವ ಹಾಗೆ.

ಶನಿವಾರ ಮಧ್ಯಾಹ್ನ ಮಣಿಪಾಲಕ್ಕೆ ಹೋಗಿ ಮುಕ್ಕಾಲು ಗಂಟೆ ನಿಂತು ನೋಡಿದೆ. ನಡೆಯುವವರು ಕಂಬದ ಬಟನ್ ಒತ್ತಬೇಕು. ಸ್ವಲ್ಪ ಹೊತ್ತಿನ ಮೇಲೆ ವಾಹನಗಳಿಗೆ ಕೆಂಪು ಬೀಳುತ್ತದೆ, ಆಗ ದಾಟಬೇಕು. ಒಳ್ಳೆಯ ಏರ್ಪಾಡು. ಕಾಲೇಜಿನ ಹುಡುಗ ಹುಡುಗಿಯರು ಬರುತ್ತಿದ್ದರು. ಬಟನ್ ಒತ್ತುತ್ತಿದ್ದರು. ಒತ್ತಿದ ಕೂಡಲೇ ವಾಹನಗಳ ನಡುವೆ ಓಡಿ ದಾಟಿಬಿಡುತ್ತಿದ್ದರು. ಅವರು ಆಚೆ ತಲುಪಿ ಕ್ಯಾಂಟೀನಿನ ಒಳಗೆ ಹೋದ ಮೇಲೆ ಕೆಂಪು ಬೀಳುತ್ತಿತ್ತು. ಎರಡೂ ಕಡೆ ವಾಹನಗಳು ಸಾಲಾಗಿ ನಿಂತು, ಖಾಲಿ ಜೀಬ್ರಾ ಪಟ್ಟಿಯನ್ನು ನೋಡುತ್ತಿದ್ದವು.

ನನ್ನ ಪಕ್ಕದಲ್ಲಿಯೇ ಬಾಡಿಗೆಗೆ ಕಾಯುತ್ತಿದ್ದ ರಿಕ್ಷಾದವನು ಹೇಳಿದ:

"ಸಣ್ಣದಿರುವಾಗ ಮನೆಮನೆಯ ಬೆಲ್ ಒತ್ತಿ ಓಡುತ್ತಿದ್ದವರು ಸಾರ್. ದೊಡ್ಡವರಾಗಿ ಓದಲಿಕ್ಕೆ ಇಲ್ಲಿಗೆ ಬಂದದ್ದು."

ಪರೀಕ್ಷೆ ಮಾಡದೆ ಬರಬಾರದು ಎಂದು ನಾನೂ ಬಟನ್ ಒತ್ತಿದೆ. ಕಾದೆ. ಕೆಂಪು ಬಿತ್ತು. ದಾಟಿದೆ. ನಡುವೆ ಹೋಗುವಾಗ ಎಲ್ಲ ಡ್ರೈವರುಗಳೂ ನನ್ನನ್ನೇ ನೋಡುತ್ತಿದ್ದರು. ವಾಪಸು ಬರಲು ಮತ್ತೆ ಒತ್ತಿ, ಕಾದು, ದಾಟಿದೆ. ಆ ರಿಕ್ಷಾದವನು ಇನ್ನೂ ಅಲ್ಲೇ ಇದ್ದ. ಇವತ್ತು ಬೆಳಿಗ್ಗೆಯಿಂದ ಒತ್ತಿ, ಕೆಂಪು ಬಿದ್ದ ಮೇಲೆ ದಾಟಿದ್ದು ನೀವೊಬ್ಬರು, ಅದೂ ಎರಡು ಸಲ, ನಿಮ್ಮ ಊರು ಯಾವುದು ಎಂದು ಕೇಳಿದ.

ಅಜ್ಜ ಎದ್ದರೆ ಬಸ್ಸು

ಮರುವಾರ ಕಾರ್ಕಳ. ಪೇಟೆ ದಾಟಿ ಸ್ವಲ್ಪ ಮುಂದೆ, ಮುರಕಲ್ಲಿನ ಗುಡ್ಡ ಕಡಿದು ಮಾಡಿದ ರಸ್ತೆಯಲ್ಲಿ ಒಂದು ಕಡಿದಾದ ತಿರುವು. ಅಲ್ಲಿ ಇನ್ನೊಂದು ರಸ್ತೆ ಬಂದು ಕೂಡುತ್ತದೆ. ಎದುರಿನಿಂದ ಬರುವುದು ಕಾಣಲಿ ಎಂದು ಕಂಬಕ್ಕೆ ದೊಡ್ಡ ಉಬ್ಬುಗನ್ನಡಿ ಹಾಕಿದ್ದರು.

ನಾನು ಡ್ರೈವರು ನೋಡುವ ಜಾಗದಲ್ಲಿ ನಿಂತು ಕನ್ನಡಿ ನೋಡಿದೆ. ಅದರಲ್ಲಿ ರಸ್ತೆ ಇರಲಿಲ್ಲ. ಒಂದು ಹಲಸಿನ ಮರವೂ ಒಂದಿಷ್ಟು ಆಕಾಶವೂ ಇತ್ತು. ಅತ್ತಿತ್ತ ನೋಡಿದೆ. ತಿರುವಿನ ಮೇಲೆಯೇ ಒಂದು ಮನೆ, ಅದರ ಜಗಲಿಯಲ್ಲಿ ಒಬ್ಬ ಅಜ್ಜ ಚೀಲ ಪಕ್ಕದಲ್ಲಿಟ್ಟು ಕುಳಿತಿದ್ದರು. ಕನ್ನಡಿ ಅವರ ಕಡೆಗೆ ತಿರುಗಿತ್ತು.

ವಿಚಾರಿಸಿದೆ. ಅಜ್ಜ ಮುಚ್ಚುಮರೆ ಮಾಡಲಿಲ್ಲ. ಮಾವಿನಕಾಯಿ ಕೊಯ್ಯುವ ದೋಟಿಯಿಂದ ತಾನೇ ತಿರುಗಿಸಿದ್ದಂತೆ. "ಮೊಣಕಾಲು ನೋವು ಮಾರಾಯ್ರೆ. ಬಸ್ಸು ಬರುವ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಲಿಕ್ಕೆ ಆಗುವುದಿಲ್ಲ. ಈಗ ಬಸ್ಸು ಆಚೆ ಏರು ಹತ್ತುವುದು ಇಲ್ಲಿಗೆ ಕಾಣುತ್ತದೆ. ಕಂಡ ಮೇಲೆ ಎದ್ದರೆ ಸಾಕು."

ಹಾಗಾದರೆ ಡ್ರೈವರುಗಳ ಗತಿ ಏನು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಕಲ್ಲು ಹೇರಿದ ಟೆಂಪೋ ಒಂದು ಬಂತು. ತಿರುವಿನ ಮೊದಲು ನಿಧಾನಿಸಿತು. ಡ್ರೈವರ್ ಕನ್ನಡಿಯ ಕಡೆ ನೋಡಲೇ ಇಲ್ಲ. ಜಗಲಿಯ ಕಡೆ ನೋಡಿದ, ಸಲೀಸಾಗಿ ತಿರುಗಿಸಿ, ಪಕ್ಕದ ಚಹಾದ ಅಂಗಡಿಗೆ ಬಂದು ನಿಲ್ಲಿಸಿದ. ನಾನು ಹೋಗಿ ಕೇಳಿದೆ. ಅಜ್ಜ ಕುಳಿತಿದ್ದರೆ ರಸ್ತೆ ಖಾಲಿ, ಅಜ್ಜ ಎದ್ದರೆ ಬಸ್ಸು ಎಂದ. ಬಸ್ಸಲ್ಲದೆ ಕಾರೋ ಬೈಕೋ ಬಂದರೆ? ಆಗ ಅಜ್ಜ ಕತ್ತು ತಿರುಗಿಸುತ್ತಾರಂತೆ.

ಪೂರ್ತಿ ಪರೀಕ್ಷಿಸದೆ ಬಿಡುವವನಲ್ಲ ನಾನು. ಅಜ್ಜ ಊಟಕ್ಕೋ ಬಚ್ಚಲಿಗೋ ಎದ್ದರೆ ಬಸ್ಸೆಂದು ತಪ್ಪು ತಿಳಿಯುವುದಿಲ್ಲವೇ ಎಂದೆ.

ಅವನು ಚಹಾ ಲೋಟ ಕೆಳಗಿಟ್ಟು ನನ್ನನ್ನು ನೋಡಿದ. "ಊಟಕ್ಕೆ ಯಾರಾದರೂ ಚೀಲ ಹಿಡಿದುಕೊಂಡು ಏಳುತ್ತಾರಾ ಸಾರ್?"

ಹಾರ್ನ್ ಇಲ್ಲದ ಮೀನು

ಎರಡೂ ನಮಗೆ ಆಗುವುದಿಲ್ಲ ಎಂದು ಇಂಜಿನಿಯರಿಗೆ ವರದಿ ಒಪ್ಪಿಸಿದೆ. ಬಟನ್ ಇಟ್ಟರೆ ನಮ್ಮ ಮಕ್ಕಳು ಇಡೀ ದಿನ ಒತ್ತುತ್ತಾರೆ. ಕನ್ನಡಿಗೆ ತಕ್ಕ ಅಜ್ಜ ನಮ್ಮಲ್ಲಿಲ್ಲ. ಅವರು ನಕ್ಕು, ಸದ್ಯಕ್ಕೆ ತನ್ನ ಕೈಯಲ್ಲಿರುವುದನ್ನು ಮಾಡುತ್ತೇನೆಂದು ಒಂದು ಫಲಕ ಹಾಕಿಸಿದರು: ಶಾಲಾ ವಲಯ, ಹಾರ್ನ್ ಮಾಡಬಾರದು.

ಬಸ್ಸಿನವರು ಫಲಕ ನೋಡಿ ಹಾರ್ನ್ ಹಾಕಿಯೇ ಹೋದರು. ಅದನ್ನು ಪಾಲಿಸಿದ್ದು ಒಬ್ಬರು ಮಾತ್ರ, ಸ್ಕೂಟರಿನಲ್ಲಿ ಮೀನು ತರುವ ಕಾಕಾ. ಪ್ರತಿದಿನ ಬೆಳಿಗ್ಗೆ ಹನ್ನೊಂದಕ್ಕೆ ಪೋಂ ಪೋಂ ಎಂದು ರಬ್ಬರಿನ ಹಾರ್ನ್ ಒತ್ತಿಕೊಂಡು ಬರುತ್ತಿದ್ದವರು ನಿಶ್ಶಬ್ದವಾಗಿ ಬಂದು ನಿಶ್ಶಬ್ದವಾಗಿ ಹೋಗತೊಡಗಿದರು. ಸುತ್ತಲಿನ ಮನೆಗಳಲ್ಲಿ ಎರಡು ದಿನ ಮೀನಿಲ್ಲ. ಮೂರನೆಯ ದಿನ ಹೆಂಗಸರೆಲ್ಲ ಹತ್ತೂವರೆಗೇ ಪಾತ್ರೆ ಹಿಡಿದು ಜಂಕ್ಷನಿನಲ್ಲಿ ಬಂದು ನಿಂತರು. ಕಾಕಾ ಬರುವವರೆಗೆ ಊರಿನ ಸುದ್ದಿ, ಬಂದ ಮೇಲೆ ಬೂತಾಯಿ ಮೀನು ಹಳತೋ ಹೊಸತೋ ಎಂಬ ಚರ್ಚೆ. ಎಲ್ಲವೂ ನನ್ನ ಹತ್ತನೇ ತರಗತಿಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಪೈಥಾಗೊರಸನ ಪ್ರಮೇಯ ಹೇಳುವಾಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ಸಾರ್, ನನ್ನ ಅಮ್ಮ ಮೋಸ ಹೋಗುತ್ತಿದ್ದಾರೆ, ಒಂದು ನಿಮಿಷ ಹೋಗಿ ಬರಲಾ ಎಂದು ಕೇಳಿದಳು.

ಹೆಡ್ ಟೀಚರ್ ಹೊರಗೆ ಹೋಗಿ, ದಯವಿಟ್ಟು ಮೊದಲಿನ ಹಾಗೆ ಹಾರ್ನ್ ಹಾಕಿಕೊಂಡು ಮನೆಮನೆಗೆ ಹೋಗಿ ಎಂದು ಕೇಳಿಕೊಂಡರು. ಕಾಕಾ ಒಪ್ಪಲಿಲ್ಲ. ಬೋರ್ಡು ಉಂಟಲ್ಲ ಟೀಚರೇ, ಶಾಲೆಯವರೇ ಕಾನೂನು ಮುರಿಯಲು ಹೇಳಿದರೆ ಹೇಗೆ ಎಂದರು. ಕೊನೆಗೆ ಶಾಲೆಯ ಮುದ್ರೆ ಒತ್ತಿ ಅನುಮತಿ ಪತ್ರ ಬರೆದುಕೊಡಬೇಕಾಯಿತು. ಅದನ್ನು ಅವರು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಮೀನಿನ ಪೆಟ್ಟಿಗೆಗೆ ಅಂಟಿಸಿದ್ದಾರೆ.

ಈಗ ಆ ಹಾರ್ನ್ ಕೇಳಿದ ಮೇಲೆಯೇ ನಮ್ಮ ಪ್ಯೂನ್ ಇಂಟರ್ವಲ್ ಬೆಲ್ ಹೊಡೆಯುವುದು. ಶಾಲೆಯ ಗಡಿಯಾರಕ್ಕಿಂತ ಕಾಕಾ ಸರಿ.

ಒಮ್ಮೆ ಮಾತ್ರ ಹಾಜರಿ

ಫಲಕದಿಂದ ಪ್ರಯೋಜನವಿಲ್ಲ ಎಂದಾದ ಮೇಲೆ ಇಂಜಿನಿಯರ್ ಹೇಳಿದರು, ಜಂಕ್ಷನಿನಲ್ಲಿ ಒಂದು ದಿನಕ್ಕೆ ಎಷ್ಟು ವಾಹನ ಹೋಗುತ್ತವೆ ಎಂಬ ಲೆಕ್ಕ ಬೇಕು ಎಂದು. ಇದು ನನ್ನ ವಿಷಯ. ಹತ್ತನೆಯ ತರಗತಿಯವರನ್ನು ನಾಲ್ಕು ಗುಂಪು ಮಾಡಿ, ಕಂಪೌಂಡಿನ ಒಳಗೆ ನೆರಳಿನಲ್ಲಿ ಕೂರಿಸಿ, ಬಸ್ಸು, ಲಾರಿ, ಕಾರು, ರಿಕ್ಷಾ, ಬೈಕು ಎಂದು ಗೆರೆ ಎಳೆದ ಹಾಳೆ ಕೊಟ್ಟೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಸರದಿಯಲ್ಲಿ ಕುಳಿತರು. ಯಾರೂ ಗಲಾಟೆ ಮಾಡಲಿಲ್ಲ. ಬಹಳ ಶಿಸ್ತು.

ಸಂಜೆ ಹಾಳೆ ಕೂಡಿಸಿದೆ. ಇಡೀ ದಿನಕ್ಕೆ ಬಸ್ಸು ಆರು. ರಿಕ್ಷಾ ಹದಿನೇಳು.

ನನ್ನ ಕಣ್ಣೆದುರೇ ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಆರು ಬಸ್ಸು ಹೋಗಿತ್ತು. ಮುಖ್ಯ ಲೆಕ್ಕ ಬರೆದ ಹುಡುಗಿಯನ್ನು ಕರೆದೆ. ತರಗತಿಯಲ್ಲಿ ಮೊದಲ ಸ್ಥಾನದವಳು. ಹನ್ನೆರಡು ಗಂಟೆಯ ಬಸ್ಸು ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

"ಅದು ಬೆಳಿಗ್ಗೆ ಎಂಟು ಹತ್ತಕ್ಕೆ ಹೋದದ್ದೇ ಅಲ್ವಾ ಸಾರ್. ಆಗಲೇ ಬರೆದಾಗಿದೆ."

ನಮ್ಮಲ್ಲಿ ಪ್ರತಿ ಬಸ್ಸೂ ಮಕ್ಕಳಿಗೆ ಪರಿಚಯ. ಯಾವುದರ ಕಿಟಕಿ ಅಲುಗಾಡುತ್ತದೆ, ಯಾವುದರ ಕಂಡಕ್ಟರ್ ಚಿಲ್ಲರೆ ಕೊಡುವುದಿಲ್ಲ ಎಂಬುದು ತಿಳಿದಿದೆ. ಕಾಪುವಿಗೆ ಹೋಗಿ ತಿರುಗಿ ಬಂದ ಮಾತ್ರಕ್ಕೆ ಅದು ಬೇರೆ ಬಸ್ಸಾಗುವುದಿಲ್ಲ. ಒಂದು ದಿನಕ್ಕೆ ಒಬ್ಬರಿಗೆ ಹಾಜರಿ ಒಮ್ಮೆ ಮಾತ್ರ ಎಂದು ಹತ್ತು ವರ್ಷ ಕಲಿಸಿದ್ದು ನಾವೇ.

ಹಾಳೆಯ ಕೊನೆಯ ಸಾಲು ನೋಡಿದೆ. ಹಾಲಿನ ವ್ಯಾನು ಆ ದಿನ ಬಂದಿರಲಿಲ್ಲ. ಅದರ ಎದುರು ಕೆಂಪು ಶಾಯಿಯಲ್ಲಿ, ಗೈರುಹಾಜರು.

ಕಾಲಂ ಇಲ್ಲ

ಆ ಹಾಳೆಯನ್ನು ಇಂಜಿನಿಯರ್ ತನ್ನ ಮೇಜಿನ ಗಾಜಿನ ಅಡಿಯಲ್ಲಿ ಇಟ್ಟುಕೊಂಡರು. ಲೆಕ್ಕಕ್ಕೆ ಬೇರೆ ಏರ್ಪಾಡು ಮಾಡಿದರು. ಸರ್ವೇ ಮಾಡುವವರು ಬಂದು ಕಂಬಕ್ಕೆ ಕ್ಯಾಮೆರಾ ಕಟ್ಟಿ, ಮಕ್ಕಳು ದಾಟುವ ಸಮಯದಲ್ಲಿ ಮೂರು ದಿನ ಚಿತ್ರ ತೆಗೆದರು. ನಾನು ಎಂದಿನಂತೆ ನನ್ನ ಕೆಲಸ ಮಾಡಿದೆ.

ತಿಂಗಳ ನಂತರ ವರದಿಯ ಪ್ರತಿ ಬಂತು. "ಪಾದಚಾರಿಗಳಿಗೆ ಎಲ್ಲ ವಾಹನಗಳೂ ತಾವಾಗಿ ದಾರಿ ಬಿಡುತ್ತವೆ. ಇದೊಂದು ಮಾದರಿ ಜಂಕ್ಷನ್. ಕಾಮಗಾರಿಯ ಅಗತ್ಯವಿಲ್ಲ."

ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ, ಕೊಡೆ ಹಿಡಿದು ಉಡುಪಿಗೆ ಹೋದೆ. ಮಳೆ ಜೋರಿತ್ತು. ಬಾಗಿಲಲ್ಲಿ ಅದೇ ಗುಮಾಸ್ತರು, ಕೊಡೆ ಹೊರಗಿಡಿ ಮಾಸ್ಟ್ರೇ, ನೀರು ಸೋರುತ್ತದೆ ಎಂದರು. ನನಗೆ ಸಿಟ್ಟು ಬರುವುದು ಕಡಿಮೆ. ಅವತ್ತು ಸ್ವಲ್ಪ ಬಂದಿತ್ತು. ಇದು ಕೊಡೆಯಲ್ಲ, ಅರ್ಜಿಯ ಜೊತೆಗಿನ ದಾಖಲೆ ಎಂದೆ. ಅವರು ಸುಮ್ಮನೆ ಒಂದು ಬಕೆಟ್ ತಂದು ನನ್ನ ಪಕ್ಕದಲ್ಲಿ ಇಟ್ಟರು.

ಇಂಜಿನಿಯರಿಗೆ ಎಲ್ಲ ಹೇಳಿದೆ. ವಾಹನಗಳು ನಿಲ್ಲುವುದು ಜಂಕ್ಷನ್ ಚೆನ್ನಾಗಿದೆ ಎಂದಲ್ಲ, ಮಕ್ಕಳಿದ್ದಾರೆ ಎಂದೂ ಅಲ್ಲ, ಈ ಕೊಡೆಗೆ. ಹತ್ತೊಂಬತ್ತು ವರ್ಷ ಇದಕ್ಕೆ ನಿಂತು ಅವರಿಗೆ ರೂಢಿಯಾಗಿದೆ. ಬರುವ ಮಾರ್ಚಿಗೆ ನಾನು ನಿವೃತ್ತ. ಅಲ್ಲಿಯವರೆಗೆ ಇದರ ಕಡ್ಡಿ ಉಳಿಯುವುದೂ ಸಂಶಯ.

ಅವರು ಕೊಡೆಯನ್ನು ಕೈಗೆ ತೆಗೆದುಕೊಂಡು ನೋಡಿದರು. ಮೂರನೆಯ ಕಡ್ಡಿಯ ಹತ್ತಿರ ಬಟ್ಟೆ ಹರಿದಿದ್ದಲ್ಲಿ ಕಪ್ಪು ನೂಲಿನ ಹೊಲಿಗೆ ಉಂಟು. ಹಳದಿ ಬಟ್ಟೆಗೆ ಕಪ್ಪು ನೂಲು ಯಾರು ಹಾಕಿದ್ದು ಎಂದು ಕೇಳಿದರು. ಅವಳಿಗೆ ಅಂದು ಹಳದಿ ನೂಲು ಸಿಕ್ಕಿರಲಿಲ್ಲ, ಶಾಲೆಗೆ ಹೊತ್ತಾಗಿತ್ತು ಎಂದೆ.

ಅವರು ಕೊಡೆಯನ್ನು ಮೆಲ್ಲನೆ ಬಕೆಟ್ಟಿನಲ್ಲಿಟ್ಟರು. ಆಮೇಲೆ ವರದಿಯ ನಮೂನೆ ತೆಗೆದು ಮೇಲಿಂದ ಕೆಳಗೆ ಬೆರಳಾಡಿಸಿ ಹೇಳಿದರು:

"ನಂಬುತ್ತೇನೆ ಸಾರ್. ಆದರೆ ಕೊಡೆಗೆ ಕಾಲಂ ಇಲ್ಲ."

ಕಾರಣ

ಇನ್ನೊಂದು ಸಲ ಸರ್ವೇ ಮಾಡುವುದು, ಅಂದು ಕೊಡೆ ತರಬಾರದು ಎಂದು ತೀರ್ಮಾನವಾಯಿತು. ಮಕ್ಕಳನ್ನು ಅಪಾಯಕ್ಕೆ ಒಡ್ಡುವ ಹಾಗಿಲ್ಲ. ಹಾಗಾಗಿ ಅವರೆಲ್ಲ ಗೇಟಿನ ಒಳಗೆ, ಹೆಡ್ ಟೀಚರ್ ಕಾವಲು. ದಾಟಲು ಪ್ರಯತ್ನಿಸುವುದು ನಾನು ಮತ್ತು ಇಂಜಿನಿಯರ್, ಇಬ್ಬರೇ. ಅವರ ಕೈಯಲ್ಲಿ ಹಲಗೆ, ಹಾಳೆ, ಪೆನ್ನು.

ಸಂಜೆ ನಾಲ್ಕಕ್ಕೆ ರಸ್ತೆಯ ಅಂಚಿನಲ್ಲಿ ನಿಂತೆವು. ಕೈ ಎತ್ತಬಾರದೆಂದು ಮೊದಲೇ ಹೇಳಿದ್ದೆ, ಇಬ್ಬರನ್ನೂ ಬಸ್ಸಿಗೆ ಹತ್ತಿಸುತ್ತಾರೆ. ರಿಕ್ಷಾ ಹೋಯಿತು, ಕಾರು ಹೋಯಿತು, ಎರಡು ಬಸ್ಸು ಧೂಳೆಬ್ಬಿಸಿ ಹೋದವು. ಹನ್ನೊಂದು ನಿಮಿಷದಲ್ಲಿ ಒಂದು ವಾಹನವೂ ನಿಲ್ಲಲಿಲ್ಲ. ನಾವು ಒಂದು ಹೆಜ್ಜೆ ಇಳಿಯುವುದು, ಒಂದು ಹೆಜ್ಜೆ ಹತ್ತುವುದು. ಇಂಜಿನಿಯರ್ ಖುಷಿಯಿಂದ ಸೊನ್ನೆ, ಸೊನ್ನೆ ಎಂದು ಬರೆಯುತ್ತಿದ್ದರು. ನಾನೂ ಲೆಕ್ಕ ಸರಿ ಬರುತ್ತಿದೆ ಎಂಬ ತೃಪ್ತಿಯಲ್ಲಿದ್ದೆ.

ಆಗ ಶಿರ್ವದ ಕಡೆಯ ಬಸ್ಸು ನಮ್ಮನ್ನು ದಾಟಿ ಹೋಯಿತು. ಸ್ವಲ್ಪ ಮುಂದೆ ಹೋಗಿ ನಿಂತಿತು. ಆಮೇಲೆ, ಕಂಡಕ್ಟರ್ ಹಿಂದೆ ನಿಂತು ಸೀಟಿ ಊದುತ್ತಿರಲು, ಹಿಮ್ಮುಖವಾಗಿ ಬಂದು ಜಂಕ್ಷನಿನ ನಟ್ಟನಡುವೆ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಕೊಡೆ ಎಲ್ಲಿ ಸಾರ್?"

ಮನೆಯಲ್ಲಿ ಉಂಟು ಎಂದೆ. ಹಾಳಾಯಿತಾ ಎಂದ. ಇಲ್ಲ ಎಂದೆ. ಹಾಗಾದರೆ ನಿಮಗೆ ಹುಷಾರಿಲ್ಲವಾ ಎಂದ. ನಾನು ಚೆನ್ನಾಗಿದ್ದೇನೆ, ನೀವು ಬಸ್ಸು ತೆಗೆಯಿರಿ ಎಂದೆ. ಅವನು ತೆಗೆಯಲಿಲ್ಲ.

"ಒಂದನೇ ಕ್ಲಾಸಿನಲ್ಲಿ ಟೀಚರ್ ನನ್ನನ್ನೂ ದಾಟಿಸಿದ್ದಾರೆ ಸಾರ್. ಕೊಡೆ ಕಂಡರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಇವತ್ತು ಹೋಗಲಿಲ್ಲ. ನಿಮ್ಮನ್ನು ಹಾಗೆಯೇ ದಾಟಿ ಹೋದೆನಲ್ಲ ಎಂದು ಹೆದರಿಕೆಯಾಯಿತು."

ಅಷ್ಟರಲ್ಲಿ ಕಾಪುವಿನಿಂದ ಬಂದ ಬಸ್ಸು ಎದುರು ನಿಂತು, ಅದರ ಡ್ರೈವರ್ ಎಂತ ಆಯಿತು ಎಂದು ಕೇಳಿದ. ಕೊಡೆ ಇಲ್ಲ ಎಂದು ಇವನು ಹೇಳಿದ. ಅಯ್ಯೋ ಎಂದು ಅವನು ಇಂಜಿನ್ ಆಫ್ ಮಾಡಿದ. ಹಿಂದಿನ ರಿಕ್ಷಾದವರು ಇಳಿದು ಬಂದರು. ಮೀನಿನ ಕಾಕಾ ಖಾಲಿ ಪೆಟ್ಟಿಗೆಯೊಡನೆ ಮನೆಗೆ ಹೋಗುವವರು ಸ್ಕೂಟರ್ ನಿಲ್ಲಿಸಿದರು. ಬಸ್ಸಿನೊಳಗಿನಿಂದ ಒಬ್ಬ ಹೆಂಗಸು ಇಳಿದು ತನ್ನ ಕೊಡೆಯನ್ನೇ ನನ್ನ ಕೈಗಿಟ್ಟು, ಇದು ಇಟ್ಟುಕೊಳ್ಳಿ ಮಾಸ್ಟ್ರೇ, ನಾಳೆ ಕೊಟ್ಟರೆ ಸಾಕು ಎಂದರು. ಡ್ರೈವರ್ ಮೇಲಿನಿಂದಲೇ ಹೇಳಿದ, ಅದಕ್ಕೆ ಯಾರು ನಿಲ್ಲುತ್ತಾರೆ ಅಕ್ಕ, ಅದು ಕಪ್ಪು.

ನಾಲ್ಕನೆಯ ರಸ್ತೆಯಿಂದ, ಅಂಗಳದಲ್ಲಿ ಮುಗಿಯುವ ಆ ರಸ್ತೆಯಿಂದ ಕೂಡ, ಮನೆಯವರು ತಮ್ಮ ಕಾರು ತಂದು ಸಾಲಿನಲ್ಲಿ ನಿಲ್ಲಿಸಿದರು. ಎಲ್ಲಿಗೂ ಹೋಗುವುದಿರಲಿಲ್ಲವಂತೆ, ಏನು ಗದ್ದಲ ಎಂದು ನೋಡಲು ಬಂದದ್ದು.

ನಿಂತ ವಾಹನಗಳ ನಡುವೆ ಹೆಡ್ ಟೀಚರ್ ಮಕ್ಕಳನ್ನು ಆರಾಮವಾಗಿ ದಾಟಿಸಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಎರಡನೆಯ ಸರ್ವೇಯೂ ಹಾಳಾಯಿತು. ಈ ಸಲ ಕೊಡೆ ಇಲ್ಲದೆಯೇ ಎಲ್ಲ ನಿಂತಿತ್ತು. ಕ್ಷಮಿಸಿ ಎಂದು ಹೇಳಲು ಇಂಜಿನಿಯರನ್ನು ಹುಡುಕಿದರೆ ಅವರು ಅಲ್ಲಿರಲಿಲ್ಲ. ವಾಹನಗಳ ಸಾಲಿನ ಉದ್ದಕ್ಕೂ ಎಣಿಸುತ್ತಾ ನಡೆದು, ದೂರದ ಅಂಗನವಾಡಿಯವರೆಗೆ ಹೋಗಿ, ಹಾಳೆ ತುಂಬಿಸಿಕೊಂಡು ಬಂದರು. ಮುಖ ಅರಳಿತ್ತು.

"ಸುರಕ್ಷತೆ ಎಂದು ಬರೆದರೆ ಮೇಲಿನವರು ಇನ್ನೂ ಎರಡು ವರ್ಷ ಯೋಚಿಸುತ್ತಾರೆ ಸಾರ್. ಟ್ರಾಫಿಕ್ ಜಾಮ್ ಎಂದರೆ ಕೂಡಲೇ ಕೆಲಸ. ಅದಕ್ಕೆ ಕಾಲಂ ಉಂಟು."

ಫೆಬ್ರವರಿಯಲ್ಲಿ ಕೆಲಸ ಮುಗಿಯಿತು. ನಡುವೆ ಕಟ್ಟೆ ಬಂತು, ಎತ್ತರಿಸಿದ ಜೀಬ್ರಾ ಪಟ್ಟಿ ಬಂತು, ಅಗಲವಾಗಿದ್ದ ಮೂಲೆಗಳನ್ನು ಕಿರಿದು ಮಾಡಿದ್ದರಿಂದ ಬಸ್ಸುಗಳು ಎತ್ತಿನಗಾಡಿಯ ಹಾಗೆ ತಿರುಗತೊಡಗಿದವು. ನಾನು ಮತ್ತೆ ಸ್ಟಾಪ್‌ವಾಚ್ ಹಿಡಿದೆ. ಮಗು ಕಟ್ಟೆ ತಲುಪಲು ಏಳು ಸೆಕೆಂಡು, ತಿರುವಿನಿಂದ ಬಸ್ಸು ಬರಲು ಹನ್ನೊಂದು. ಮೂರು ದಿನ ಅಳೆದೆ. ನಾಲ್ಕನೆಯ ದಿನ ಕೊಡೆಯನ್ನು ಮನೆಯಲ್ಲಿ ಮೊಳೆಗೆ ತೂಗಿಸಿ, ಬರಿಗೈಯಲ್ಲಿ ಹೋಗಿ ಗೇಟಿನಲ್ಲಿ ನಿಂತು ನೋಡಿದೆ. ಮಕ್ಕಳು ತಾವಾಗಿ ದಾಟಿದರು. ನನ್ನ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಅಷ್ಟೇ ಬೇಕಾಗಿದ್ದದ್ದು.

ಕೆಲಸ ನೋಡಲು ಬಂದಿದ್ದ ಇಂಜಿನಿಯರ್, ನಿಮ್ಮ ಹತ್ತಿರ ಇರಲಿ ಎಂದು ಮಂಜೂರಾತಿಯ ಒಂದು ಪ್ರತಿ ಕೊಟ್ಟು ಹೋದರು. ಸ್ಟಾಫ್ ರೂಮಿನಲ್ಲಿ ಕುಳಿತು ಪ್ರತಿ ಸಾಲನ್ನೂ ಓದಿದೆ. ಸ್ಥಳ, ಉದ್ದ, ಅಗಲ, ಎಲ್ಲ ಸರಿಯಾಗಿತ್ತು. "ಕಾಮಗಾರಿಗೆ ಕಾರಣ" ಎಂಬ ಕಾಲಂನಲ್ಲಿ, ಮೇಲಿನವರ ಸಹಿ ಮುದ್ರೆ ಸಹಿತ, ಹೀಗೆ ಟೈಪ್ ಮಾಡಿತ್ತು:

"ಕೊಡೆ ಇಲ್ಲದ ಕಾರಣ ಉಂಟಾದ ಸಂಚಾರ ದಟ್ಟಣೆ."

ಮೂವತ್ತೆರಡು ವರ್ಷ ಉತ್ತರ ಪತ್ರಿಕೆ ತಿದ್ದಿದವನು ನಾನು. ಜೇಬಿನ ಕೆಂಪು ಪೆನ್ನು ತೆಗೆದು, ಆ ಸಾಲಿನ ಪಕ್ಕದಲ್ಲಿ ಸರಿ ಹಾಕಿ, ಪೂರ್ಣ ಅಂಕ ಕೊಟ್ಟೆ.